ಹಳೆಯ ಟ್ರ್ಯಾಕ್ಟರಿನ ಕ್ಲಚ್ ದೋಷಪತ್ತೆ

ಹಳೆಯ ಟ್ರ್ಯಾಕ್ಟರಿನ ಕ್ಲಚ್ ದೋಷಪತ್ತೆ ಎಂದರೆ, ಎಂಜಿನ್ ಮತ್ತು ಗೇರ್ ಪೆಟ್ಟಿಗೆಗಳ ನಡುವೆ ಇರುವ ಕ್ಲಚ್ಚಿನಲ್ಲಿ ಉಂಟಾದ ತೊಂದರೆ ಯಾವುದು, ಅದರ ಮೂಲ ಎಲ್ಲಿದೆ ಎಂಬುದನ್ನು ಯಂತ್ರವನ್ನು ಬಿಚ್ಚುವ ಮೊದಲೇ ಹೊರಗಿನ ಲಕ್ಷಣಗಳಿಂದ ಗುರುತಿಸುವ ಕ್ರಮ. ಈ ಲೇಖನವು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಬೇಸಾಯದ ಹಿನ್ನೆಲೆಯಲ್ಲಿ ಆ ಕ್ರಮವನ್ನು ವಿವರಿಸುತ್ತದೆ. ಸುಮಾರು 35 ರಿಂದ 50 ಅಶ್ವಶಕ್ತಿಯ, ಒಣ ತಟ್ಟೆಯ ಕ್ಲಚ್ ಉಳ್ಳ ಹಳೆಯ ಮಾದರಿಗಳಿಗೆ ಇಲ್ಲಿನ ವಿಷಯ ಅನ್ವಯಿಸುತ್ತದೆ. ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ ಉಳ್ಳ ಹೊಸ ಮಾದರಿಗಳಿಗೆ ಅಷ್ಟಾಗಿ ಅನ್ವಯಿಸದು.

ಟ್ರ್ಯಾಕ್ಟರಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಪೆಟ್ಟಿಗೆ, ಹಿಂದಿನ ಅಚ್ಚು ಇವು ಒಂದಕ್ಕೊಂದು ಬೋಲ್ಟುಗಳಿಂದ ಬಿಗಿದುಕೊಂಡು ತಾವೇ ಯಂತ್ರದ ಬೆನ್ನೆಲುಬಾಗಿರುತ್ತವೆ. 1917ರಲ್ಲಿ ತಯಾರಿಕೆ ಆರಂಭವಾದ ಫೋರ್ಡ್‌ಸನ್ ಟ್ರ್ಯಾಕ್ಟರು ಈ ರಚನೆಯನ್ನು ಜನಪ್ರಿಯಗೊಳಿಸಿತು. ಇದರ ಫಲವಾಗಿ ಕ್ಲಚ್ಚಿನ ತಟ್ಟೆಯನ್ನು ಕಣ್ಣಿನಿಂದ ನೋಡಬೇಕಾದರೂ ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕಾಗುತ್ತದೆ. ಬಿತ್ತನೆಯ ಹದ ಕೂಡಿಬಂದ ವಾರದಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಹದ ತಪ್ಪುತ್ತದೆ. ಆದ್ದರಿಂದ ಬಿಚ್ಚುವ ಅಗತ್ಯವಿದೆಯೇ, ಅಥವಾ ಹೊರಗಿನ ಒಂದು ನಟ್ಟನ್ನು ತಿರುಗಿಸಿದರೆ ಸಾಕೇ ಎಂಬ ನಿರ್ಣಯವೇ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು.

ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಅಂದಿನ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯ ಪಶ್ಚಿಮದಲ್ಲಿರುವ ಹಾನಗಲ್ಲ ತಾಲ್ಲೂಕು ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆಗಳೂ ಹೆಚ್ಚು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ, ಸವಣೂರಿನ ಕಡೆ ಎರೆಭೂಮಿ ಕಾಣಿಸಿಕೊಳ್ಳುತ್ತದೆ. ಹಿರೇಕೆರೂರಿನಲ್ಲಿ ಗೋವಿನಜೋಳ ಮತ್ತು ಹತ್ತಿ ಪ್ರಧಾನ ಬೆಳೆಗಳು. ಭೂಮಿಯ ಈ ಭೇದ ಕ್ಲಚ್ಚಿನ ದೋಷಗಳಲ್ಲಿಯೂ ಕಾಣುತ್ತದೆ. ಗದ್ದೆಯಲ್ಲಿ ಕೇಜ್ ವೀಲ್ ಕಟ್ಟಿ ಕೆಸರು ಮಾಡುವ ಟ್ರ್ಯಾಕ್ಟರಿಗೆ ನೀರಿನ ಕಾಟ; ಎರೆಯ ನೆಲದಲ್ಲಿ ಆಳವಾಗಿ ನೇಗಿಲು ಹೂಡುವ ಟ್ರ್ಯಾಕ್ಟರಿಗೆ ಎಳೆತದ ಕಾಟ; ಕಬ್ಬು, ಗೋವಿನಜೋಳ ಹೇರಿಕೊಂಡು ರಸ್ತೆಯಲ್ಲಿ ಓಡುವ ಟ್ರ್ಯಾಕ್ಟರಿಗೆ ಏರು ಇಳಿಜಾರುಗಳಲ್ಲಿ ಅರ್ಧ ಕ್ಲಚ್ಚಿನ ಕಾಟ.

ಇಂದಿಗೂ ಹಳ್ಳಿಗಳಲ್ಲಿ ಉಳಿದಿರುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವು ವಿದೇಶೀ ಸಹಯೋಗದಿಂದ ಹುಟ್ಟಿದ ವಂಶಗಳಿಗೆ ಸೇರಿದವು. 1960ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಟ್ಯಾಫೆ ಸಂಸ್ಥೆಯ ಮ್ಯಾಸಿ ಫರ್ಗ್ಯುಸನ್, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಸಹಯೋಗದಲ್ಲಿ 1960ರ ದಶಕದಲ್ಲಿ ಬಂದ ಮಹೀಂದ್ರಾ ಬಿ-275, ಜೆಕೊಸ್ಲೊವಾಕಿಯಾದ ಜೆಟಾರ್ ವಿನ್ಯಾಸವನ್ನು ಆಧರಿಸಿದ ಎಚ್.ಎಂ.ಟಿ. ಇವು ಕೆಲವು ಉದಾಹರಣೆಗಳು. ಎಚ್.ಎಂ.ಟಿ. ತನ್ನ ಟ್ರ್ಯಾಕ್ಟರ್ ತಯಾರಿಕೆಯನ್ನು ಈಗ ನಿಲ್ಲಿಸಿದೆ. ಅಂಥ ಯಂತ್ರದ ಮಾಲೀಕನಿಗೆ ಬಿಡಿಭಾಗ ಹುಡುಕುವುದೇ ಒಂದು ಕೆಲಸವಾದುದರಿಂದ, ಯಾವ ಭಾಗ ಬೇಕು ಎಂಬುದನ್ನು ಮೊದಲೇ ಸರಿಯಾಗಿ ತಿಳಿದುಕೊಳ್ಳುವುದು ಇನ್ನಷ್ಟು ಅಗತ್ಯ.

ರಚನೆ ಮತ್ತು ಕಾರ್ಯ

ಕ್ಲಚ್ ಎಂಬುದಕ್ಕೆ ಕನ್ನಡದಲ್ಲಿ ಬೇರೆ ಪದ ನೆಲೆಗೊಂಡಿಲ್ಲ, ಕ್ಲಚ್ಚೇ ಕನ್ನಡವಾಗಿದೆ. ಎಂಜಿನ್ನಿನ ಹಿಂತುದಿಯಲ್ಲಿ ತಿರುಗುವ ಭಾರವಾದ ಫ್ಲೈವೀಲ್ ಮತ್ತು ಅದಕ್ಕೆ ಬೋಲ್ಟಿನಿಂದ ಕೂಡಿಸಿದ ಪ್ರೆಷರ್ ಪ್ಲೇಟ್ ಇವುಗಳ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಈ ತಟ್ಟೆಯ ಎರಡೂ ಮುಖಗಳಿಗೆ ಉಜ್ಜಿ ಹಿಡಿಯುವ ಲೈನಿಂಗನ್ನು ರಿವೆಟ್ ಹೊಡೆದು ಕೂಡಿಸಿರುತ್ತಾರೆ. ತಟ್ಟೆಯ ನಡುವಿನ ಹಲ್ಲುಗಳು ಗೇರ್ ಪೆಟ್ಟಿಗೆಯ ಶಾಫ್ಟಿನ ಮೇಲೆ ಕುಳಿತಿರುತ್ತವೆ. ಪೆಡಲ್ ಮೇಲಿರುವಾಗ ಸ್ಪ್ರಿಂಗುಗಳು ಪ್ರೆಷರ್ ಪ್ಲೇಟನ್ನು ಒತ್ತಿ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುತ್ತವೆ. ಮೂರೂ ಒಂದಾಗಿ ತಿರುಗಿ ಶಕ್ತಿ ಚಕ್ರದ ಕಡೆಗೆ ಹೋಗುತ್ತದೆ. ಪೆಡಲ್ ತುಳಿದಾಗ ಫೋರ್ಕು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ, ಬೇರಿಂಗು ಪ್ರೆಷರ್ ಪ್ಲೇಟಿನ ಫಿಂಗರುಗಳನ್ನು ಒತ್ತುತ್ತದೆ, ಪ್ರೆಷರ್ ಪ್ಲೇಟು ಹಿಂದೆ ಸರಿದು ತಟ್ಟೆ ಸ್ವತಂತ್ರವಾಗುತ್ತದೆ.

ರೋಟವೇಟರ್ ಮತ್ತು ರಾಶಿಯ ಯಂತ್ರಗಳಿಗೆ ಶಕ್ತಿ ಕೊಡುವ ಪಿ.ಟಿ.ಓ. ಶಾಫ್ಟಿಗಾಗಿ ಕೆಲವು ಮಾದರಿಗಳಲ್ಲಿ ಎರಡನೆಯ ತಟ್ಟೆ ಇರುತ್ತದೆ. ಇಂಥ ಜೋಡಿ ಕ್ಲಚ್ಚಿನಲ್ಲಿ ಪೆಡಲನ್ನು ಅರ್ಧ ತುಳಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಪಿ.ಟಿ.ಓ. ತಿರುಗುತ್ತಲೇ ಇರುತ್ತದೆ, ಪೂರ್ತಿ ತುಳಿದರೆ ಎರಡೂ ನಿಲ್ಲುತ್ತವೆ. ಕೊಳ್ಳುವ ಮೊದಲು ತನ್ನ ಟ್ರ್ಯಾಕ್ಟರಿನದು ಒಂಟಿ ಕ್ಲಚ್ಚೋ ಜೋಡಿ ಕ್ಲಚ್ಚೋ ಎಂಬುದನ್ನು ಅಂಗಡಿಯವರಿಗೆ ಹೇಳಲು ಇಷ್ಟು ಪರೀಕ್ಷೆ ಸಾಕು.

ಎರಡು ದೂರುಗಳು

ಈ ಭಾಗದ ರೈತರು ಕ್ಲಚ್ಚಿನ ತೊಂದರೆಯನ್ನು ಹೇಳುವ ಮಾತಿನಲ್ಲಿಯೇ ದೋಷಪತ್ತೆಯ ಅರ್ಧ ಭಾಗ ಅಡಗಿದೆ. ಒಬ್ಬರು 'ಕ್ಲಚ್ ಹಿಡೀವಲ್ದು' ಎನ್ನುತ್ತಾರೆ; ಇನ್ನೊಬ್ಬರು 'ಕ್ಲಚ್ ಬಿಡವಲ್ದು' ಎನ್ನುತ್ತಾರೆ. ಮೊದಲನೆಯದು ಜಾರುವಿಕೆ: ಪೆಡಲ್ ಮೇಲಿದ್ದರೂ ತಟ್ಟೆ ಗಟ್ಟಿಯಾಗಿ ಹಿಡಿಯುತ್ತಿಲ್ಲ. ಎರಡನೆಯದು ಅಂಟಿಕೊಳ್ಳುವಿಕೆ: ಪೆಡಲ್ ತುಳಿದರೂ ತಟ್ಟೆ ಪೂರ್ತಿ ಬೇರ್ಪಡುತ್ತಿಲ್ಲ. ಇವೆರಡರ ಕಾರಣಗಳೂ ಪರಿಹಾರಗಳೂ ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧ. 'ಕ್ಲಚ್ ಕೆಟ್ಟಿದೆ' ಎಂದಷ್ಟೇ ಹೇಳಿ ಟ್ರ್ಯಾಕ್ಟರನ್ನು ಗ್ಯಾರೇಜಿಗೆ ಒಪ್ಪಿಸುವವನು ಈ ಭೇದವನ್ನು ತನ್ನ ಕೈಯಾರೆ ಅಳಿಸಿಹಾಕಿದಂತಾಗುತ್ತದೆ.

ಜಾರುವ ಕ್ಲಚ್

ಲಕ್ಷಣ ಸ್ಪಷ್ಟವಾದುದು. ಭಾರ ಬಿದ್ದಾಗ ಎಂಜಿನ್ನಿನ ಸದ್ದು ಏರುತ್ತದೆ, ಟ್ರ್ಯಾಕ್ಟರಿನ ವೇಗ ಏರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಇದನ್ನು ಇನ್ನೆರಡು ಸ್ಥಿತಿಗಳಿಂದ ಬೇರ್ಪಡಿಸಿ ನೋಡಬೇಕು. ಎಂಜಿನ್ನಿನಲ್ಲಿಯೇ ಶಕ್ತಿ ಕುಂದಿದ್ದರೆ ಭಾರ ಬಿದ್ದಾಗ ಸದ್ದು ಏರುವುದಿಲ್ಲ, ಇಳಿಯುತ್ತದೆ, ಹೊಗೆಯೂ ಹೆಚ್ಚಬಹುದು. ಹಸಿ ನೆಲದಲ್ಲಿ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗುತ್ತಿದ್ದರೆ ಅದು ಗಾಲಿಯ ಜಾರುವಿಕೆ, ಕ್ಲಚ್ಚಿನದಲ್ಲ. ಎಂಜಿನ್ ಓಡುತ್ತಿದ್ದು ಗಾಲಿ ನಿಧಾನವಾದರೆ ಮಾತ್ರ ಕ್ಲಚ್ಚನ್ನು ಸಂಶಯಿಸಬೇಕು.

ನಿಂತಲ್ಲಿಯೇ ಮಾಡಬಹುದಾದ ಪರೀಕ್ಷೆ ಒಂದುಂಟು. ಸಮತಟ್ಟಾದ ಬಯಲಿನಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಎರಡೂ ಬ್ರೇಕ್ ಪೆಡಲುಗಳನ್ನು ಕೂಡಿಸಿ ಬಿಗಿದು, ಮೇಲಿನ ಗೇರ್ ಹಾಕಿ, ಎಂಜಿನ್ನನ್ನು ಸಾಧಾರಣ ವೇಗದಲ್ಲಿಟ್ಟು ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಆರೋಗ್ಯವಾದ ಕ್ಲಚ್ಚಾದರೆ ಎಂಜಿನ್ ಮುಕ್ಕಿರಿದು ನಿಂತುಹೋಗುತ್ತದೆ. ಪೆಡಲ್ ಪೂರ್ತಿ ಮೇಲೆ ಬಂದರೂ ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಕೂಡಲೇ ಪೆಡಲ್ ತುಳಿದು ಪರೀಕ್ಷೆಯನ್ನು ನಿಲ್ಲಿಸಬೇಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ತಟ್ಟೆಯನ್ನು ಸುಡುತ್ತದೆ.

ಜಾರುವಿಕೆಯನ್ನು ಸ್ವಲ್ಪ ದಿನ ತಡೆದುಕೊಳ್ಳೋಣವೆಂಬ ಮನೋಭಾವ ಸಾಮಾನ್ಯ. ಲೆಕ್ಕ ಹಾಕಿದರೆ ಅದರ ಬೆಲೆ ತಿಳಿಯುತ್ತದೆ. 35 ಅಶ್ವಶಕ್ತಿ ಎಂದರೆ ಸುಮಾರು 26 ಕಿಲೋವ್ಯಾಟ್. ಪೂರ್ಣ ಭಾರದಲ್ಲಿ ಕ್ಲಚ್ ನೂರಕ್ಕೆ 10ರಷ್ಟು ಜಾರಿದರೂ 2.6 ಕಿಲೋವ್ಯಾಟ್ ಶಕ್ತಿ ಉಷ್ಣವಾಗಿ ಆ ಚಿಕ್ಕ ಪೆಟ್ಟಿಗೆಯೊಳಗೆ ಉಳಿಯುತ್ತದೆ. ಒಂದು ಕಿಲೋವ್ಯಾಟಿನ ಎರಡೂವರೆ ವಿದ್ಯುತ್ ಒಲೆಗಳನ್ನು ಅಲ್ಲಿ ಹೊತ್ತಿಸಿಟ್ಟಂತೆ. ಲೈನಿಂಗು ಕರಿದು ಗಾಜಿನಂತೆ ನುಣುಪಾಗುತ್ತದೆ, ಸ್ಪ್ರಿಂಗುಗಳು ಬಿಸಿಗೆ ಬಲ ಕಳೆದುಕೊಳ್ಳುತ್ತವೆ, ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆಗಳೂ ಕೂದಲೆಳೆಯ ಬಿರುಕುಗಳೂ ಮೂಡುತ್ತವೆ. ತಟ್ಟೆಯೊಂದರಿಂದ ಮುಗಿಯುತ್ತಿದ್ದ ಖರ್ಚು ಮೂರು ಭಾಗಗಳಿಗೆ ಹಬ್ಬುತ್ತದೆ.

ಪೆಡಲಿನ ಬಿಡುವು

ಜಾರುವಿಕೆ ಖಚಿತವಾದ ಮೇಲೆ ಮೊದಲು ನೋಡಬೇಕಾದುದು ತಟ್ಟೆಯನ್ನಲ್ಲ, ಪೆಡಲನ್ನು. ಪೆಡಲನ್ನು ಕೈಯಿಂದ ಒತ್ತಿದಾಗ ಗಟ್ಟಿಯಾದ ಪ್ರತಿರೋಧ ಸಿಗುವ ಮೊದಲು ಅದು ಸಡಿಲವಾಗಿ ಚಲಿಸುವ ದೂರಕ್ಕೆ ಮೆಕ್ಯಾನಿಕರು 'ಫ್ರೀ ಪ್ಲೇ' ಎನ್ನುತ್ತಾರೆ. ಇಲ್ಲಿ ಬಿಡುವು ಎಂದು ಕರೆಯಲಾಗಿದೆ. ಅನೇಕ ಮಾದರಿಗಳಲ್ಲಿ ಇದು 20 ರಿಂದ 30 ಮಿಲಿಮೀಟರಿನಷ್ಟಿರುತ್ತದೆ. ಆಯಾ ಮಾದರಿಯ ಕೈಪಿಡಿಯಲ್ಲಿ ಹೇಳಿರುವ ಅಳತೆಯೇ ಪ್ರಮಾಣ.

ಈ ಬಿಡುವಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಬ್ರೇಕಿನ ಲೈನಿಂಗ್ ಸವೆದಂತೆ ಪೆಡಲಿನ ಬಿಡುವು ಹೆಚ್ಚುತ್ತ ಹೋಗುತ್ತದೆ. ಆಗ ಅದನ್ನು ಬಿಗಿ ಮಾಡಬೇಕು. ಕ್ಲಚ್ಚಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಲೈನಿಂಗ್ ಸವೆದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಫಿಂಗರುಗಳ ತುದಿಗಳು ಹಿಂದಕ್ಕೆ ಬಾಗಿ ರಿಲೀಸ್ ಬೇರಿಂಗಿಗೆ ಹತ್ತಿರವಾಗುತ್ತವೆ, ಬಿಡುವು ತಾನಾಗಿ ಕಡಿಮೆಯಾಗುತ್ತದೆ. ಕೊನೆಗೆ ಬೇರಿಂಗು ಸದಾ ಫಿಂಗರುಗಳನ್ನು ಒತ್ತಿಯೇ ಇರುತ್ತದೆ. ಚಾಲಕ ಕಾಲು ತೆಗೆದಿದ್ದರೂ ಕ್ಲಚ್ಚಿನ ದೃಷ್ಟಿಯಲ್ಲಿ ಯಾರೋ ಪೆಡಲನ್ನು ಸ್ವಲ್ಪ ತುಳಿದೇ ಇದ್ದಾರೆ. ಬ್ರೇಕಿನ ಅನುಭವದಿಂದ 'ಬಿಗಿ ಮಾಡು' ಎಂದು ರಾಡನ್ನು ಬಿಗಿದರೆ ಜಾರುವಿಕೆ ಇನ್ನೂ ಹೆಚ್ಚುತ್ತದೆ. ಮಾಡಬೇಕಾದುದು ರಾಡಿನ ಲಾಕ್ ನಟ್ ಸಡಿಲಿಸಿ, ಉದ್ದವನ್ನು ಹೊಂದಿಸಿ, ಬಿಡುವನ್ನು ಮರಳಿ ತರುವುದು. ಎರಡು ಪಾನಾ ಮತ್ತು ಒಂದು ಅಳತೆಪಟ್ಟಿ ಇದ್ದರೆ ಸಾಕಾಗುವ ಕೆಲಸವಿದು.

ಬಿಡುವು ಸರಿಯಾಗಿದ್ದೂ ಕ್ಲಚ್ ಜಾರಿದರೆ, ಅಥವಾ ಹೊಂದಿಸಲು ರಾಡಿನಲ್ಲಿ ಎಳೆಯೇ ಉಳಿದಿಲ್ಲದಿದ್ದರೆ, ದೋಷ ಒಳಗಿದೆ ಎಂದು ತಿಳಿಯಬೇಕು. ಲೈನಿಂಗ್ ಮುಗಿದಿರಬಹುದು, ಸ್ಪ್ರಿಂಗ್ ಸೋತಿರಬಹುದು ಅಥವಾ ಎಣ್ಣೆ ಸೇರಿರಬಹುದು.

ಎಣ್ಣೆಯ ಸಾಕ್ಷ್ಯ

ಬಹಳಷ್ಟು ಟ್ರ್ಯಾಕ್ಟರುಗಳ ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಚಿಕ್ಕ ರಂಧ್ರವಿದ್ದು, ಅದರಲ್ಲಿ ಸಡಿಲವಾಗಿ ತೂಗುವ ಒಂದು ಸ್ಪ್ಲಿಟ್ ಪಿನ್ ಇರುತ್ತದೆ. ಪಿನ್ನು ಅಲುಗಾಡುತ್ತ ರಂಧ್ರ ಮುಚ್ಚಿಹೋಗದಂತೆ ಕಾಯುತ್ತದೆ. ಒಳಗೆ ಸೋರಿದ ಎಣ್ಣೆ ಅಥವಾ ನೀರು ಹೊರಹೋಗಲೆಂದೇ ಈ ಏರ್ಪಾಡು. ಹಾನಗಲ್ಲ ಕಡೆಯ ಗದ್ದೆಗಳಲ್ಲಿ ಕೆಲಸ ಮಾಡುವ ಟ್ರ್ಯಾಕ್ಟರುಗಳಲ್ಲಿ ಈ ರಂಧ್ರ ಕೆಸರಿನಿಂದ ಮುಚ್ಚಿಹೋಗುವ ಸಂಭವ ಹೆಚ್ಚು. ಪಿನ್ನು ಬಿದ್ದುಹೋಗಿದ್ದರೆ ಹೊಸದನ್ನು ಹಾಕಬೇಕು. ರಂಧ್ರಕ್ಕೆ ಬೆಣೆ ಹೊಡೆದು ಸೋರಿಕೆ ನಿಲ್ಲಿಸಿದೆವೆಂದು ತಿಳಿಯುವುದು ಅವಿವೇಕ. ಸೋರಿಕೆ ನಿಲ್ಲುವುದಿಲ್ಲ, ತಟ್ಟೆಗೆ ತಲುಪುತ್ತದೆ.

ಈ ರಂಧ್ರದಿಂದ ತೊಟ್ಟಿಕ್ಕುವುದೇನು ಎಂಬುದು ದೋಷದ ಸ್ಥಾನವನ್ನೇ ಹೇಳಿಬಿಡುತ್ತದೆ. ಕಪ್ಪಾದ ತೆಳು ಎಣ್ಣೆ ಬಂದರೆ ಅದು ಎಂಜಿನ್ ಆಯಿಲ್. ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲ್ ಹೋಗಿದೆ. ದಪ್ಪನಾದ, ಗಂಧಕದಂಥ ಕಟುವಾಸನೆಯ ಎಣ್ಣೆ ಬಂದರೆ ಅದು ಗೇರ್ ಆಯಿಲ್. ಗೇರ್ ಪೆಟ್ಟಿಗೆಯ ಶಾಫ್ಟಿನ ಸೀಲ್ ಹೋಗಿದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಲ್ಲಿ ಕಾಯಿಸಿ ಮತ್ತೆ ಹಾಕುವ ರೂಢಿ ಉಂಟು. ಇದು ಅಪಾಯಕರ, ಪ್ರಯೋಜನವೂ ಅಲ್ಪಕಾಲದ್ದು. ಸೀಲನ್ನು ಬದಲಿಸದೆ ಹೊಸ ತಟ್ಟೆ ಹಾಕುವುದು ಅದಕ್ಕಿಂತ ದೊಡ್ಡ ನಷ್ಟ. ಮುಂದಿನ ಹಂಗಾಮಿಗೆ ಅದೇ ಟ್ರ್ಯಾಕ್ಟರು ಅದೇ ದೂರಿನೊಂದಿಗೆ ಮರಳಿ ಬರುತ್ತದೆ, ಆಗ ದೂಷಣೆ ಮಾತ್ರ ತಟ್ಟೆಯ ಕಂಪನಿಯ ಮೇಲೆ.

ಬಿಡದ ಕ್ಲಚ್

ಗೇರ್ ಹಾಕುವಾಗ ಗರಗರ ಸದ್ದು, ಪೆಡಲ್ ತುಳಿದೇ ಇದ್ದರೂ ಟ್ರ್ಯಾಕ್ಟರ್ ಮುಂದಕ್ಕೆ ತೆವಳುವುದು ಇದರ ಲಕ್ಷಣಗಳು. ಹಳೆಯ ಮಾದರಿಗಳ ಗೇರ್ ಪೆಟ್ಟಿಗೆಯಲ್ಲಿ ವೇಗವನ್ನು ಹೊಂದಿಸುವ ಸಿಂಕ್ರೊಮೆಶ್ ವ್ಯವಸ್ಥೆ ಇರದ ಕಾರಣ, ಪೆಡಲ್ ತುಳಿದ ತಕ್ಷಣ ಗೇರ್ ತಳ್ಳಿದರೆ ಒಳ್ಳೆಯ ಕ್ಲಚ್ಚಿನಲ್ಲಿಯೂ ಸದ್ದು ಬರುತ್ತದೆ. ಆದ್ದರಿಂದ ಎಂಜಿನ್ನನ್ನು ನಿಧಾನ ಓಟದಲ್ಲಿಟ್ಟು, ಪೆಡಲನ್ನು ಪೂರ್ತಿ ತುಳಿದು, ಸುಮಾರು 10 ಸೆಕೆಂಡು ಕಾದು ಹಿಮ್ಮುಖ ಗೇರ್ ಹಾಕಬೇಕು. ಆಗಲೂ ಗರಗರ ಎಂದರೆ ಕ್ಲಚ್ ಬಿಡುತ್ತಿಲ್ಲ.

ಇಲ್ಲಿಯೂ ಆರಂಭ ಪೆಡಲಿನಿಂದಲೇ. ರಾಡಿನ ಪಿನ್ನುಗಳು, ಅವು ಕುಳಿತ ರಂಧ್ರಗಳು, ಫೋರ್ಕಿನ ಶಾಫ್ಟಿನ ಬುಶ್‌ಗಳು ವರ್ಷಗಟ್ಟಲೆ ಸವೆದು ಬಿಡುವು ಮಿತಿಮೀರಿದ್ದರೆ, ಕಾಲು ನೆಲ ಮುಟ್ಟಿದರೂ ಬೇರಿಂಗು ಸಾಕಷ್ಟು ಮುಂದೆ ಹೋಗುವುದಿಲ್ಲ. ಕೆಲವು ರೂಪಾಯಿಗಳ ಪಿನ್ನಿನಿಂದ ಸರಿಹೋಗುವ ದೋಷಕ್ಕೆ ಟ್ರ್ಯಾಕ್ಟರನ್ನು ಬಿಚ್ಚುವುದು ಹೀಗೆಯೇ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ರ್ಯಾಕ್ಟರಿನಲ್ಲಿ ತಟ್ಟೆಯು ತುಕ್ಕಿನಿಂದ ಫ್ಲೈವೀಲಿಗೆ ಹತ್ತಿಕೊಂಡುಬಿಡುವುದುಂಟು. ನಿಲ್ಲಿಸುವ ಮುನ್ನ ಸರಿಯಾಗಿ ನಡೆಯುತ್ತಿದ್ದ ಕ್ಲಚ್ ಮತ್ತೆ ಚಾಲೂ ಮಾಡಿದ ದಿನವೇ ಬಿಡದಿದ್ದರೆ ಇದನ್ನೇ ಮೊದಲು ಊಹಿಸಬೇಕು. ಪೆಡಲನ್ನು ತುಳಿದ ಸ್ಥಿತಿಯಲ್ಲಿ ಮರದ ತುಂಡಿನಿಂದ ಬಂಧಿಸಿ ಎಂಜಿನ್ನನ್ನು ಬಿಸಿಯಾಗುವವರೆಗೆ ನಿಂತಲ್ಲೇ ಓಡಿಸಿದರೆ ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ. ಗೇರಿನಲ್ಲಿಟ್ಟು ಸೆಲ್ಫ್ ಹೊಡೆಯುವುದು, ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದು ಮುಂತಾದ ಉಪಾಯಗಳು ಪ್ರಾಣಾಪಾಯದವು: ಯಂತ್ರ ಒಮ್ಮೆಲೇ ನುಗ್ಗಿದರೆ ನಿಲ್ಲಿಸಲು ಕ್ಲಚ್ಚೇ ಇರುವುದಿಲ್ಲ. ದೀರ್ಘಕಾಲ ನಿಲ್ಲಿಸುವಾಗ ಪೆಡಲನ್ನು ತುಳಿದ ಸ್ಥಿತಿಯಲ್ಲಿ ಕೊಂಡಿ ಹಾಕಿಡುವಂತೆ ಹಲವು ಕೈಪಿಡಿಗಳು ಸೂಚಿಸುತ್ತವೆ.

ಹೊರಗಿನದೆಲ್ಲ ಸರಿಯಿದ್ದರೆ ಉಳಿಯುವ ಕಾರಣಗಳು ಸೊಟ್ಟಗಾದ ತಟ್ಟೆ, ಶಾಫ್ಟಿನ ಹಲ್ಲುಗಳ ಮೇಲಿನ ತುಕ್ಕು, ಏರುಪೇರಾದ ಫಿಂಗರುಗಳು, ಫ್ಲೈವೀಲಿನ ನಡುವಿನಲ್ಲಿ ಹಿಡಿದುಕೊಂಡ ಪೈಲಟ್ ಬೇರಿಂಗ್. ಇವು ಬಿಚ್ಚದೆ ಕಾಣವು.

ಸದ್ದು ಮತ್ತು ನಡುಕ

ಕಿವಿಗೊಟ್ಟು ಕೇಳಿದರೆ ಮೂರು ಬೇರಿಂಗುಗಳನ್ನು ಬೇರೆ ಬೇರೆ ಗುರುತಿಸಬಹುದು. ಪೆಡಲ್ ತುಳಿದ ಕೂಡಲೇ ಕಿರುಗುಟ್ಟುವ ಸದ್ದು ಆರಂಭವಾಗಿ, ಕಾಲು ತೆಗೆದೊಡನೆ ನಿಂತರೆ ಅದು ರಿಲೀಸ್ ಬೇರಿಂಗಿನದು. ಗೇರ್ ಹಾಕದೆ ಪೆಡಲ್ ಮೇಲಿರುವಾಗ ಗುರುಗುಟ್ಟುವ ಸದ್ದಿದ್ದು, ತುಳಿದಾಗ ನಿಂತರೆ ಅದು ಗೇರ್ ಪೆಟ್ಟಿಗೆಯ ಮುಂದಿನ ಬೇರಿಂಗಿನದು, ಕ್ಲಚ್ಚಿಗೆ ಸಂಬಂಧವಿಲ್ಲ. ಪೆಡಲ್ ತುಳಿದು ಗೇರ್ ಹಾಕಿ ನಿಂತಾಗ ಮಾತ್ರ ಸದ್ದು ಬಂದರೆ ಪೈಲಟ್ ಬೇರಿಂಗನ್ನು ಸಂಶಯಿಸಬೇಕು, ಏಕೆಂದರೆ ಫ್ಲೈವೀಲ್ ತಿರುಗುತ್ತಿದ್ದು ಶಾಫ್ಟ್ ನಿಂತಿರುವುದು ಆ ಸ್ಥಿತಿಯಲ್ಲಿಯೇ. ಎರಡನೆಯ ಮತ್ತು ಮೂರನೆಯ ಸದ್ದುಗಳನ್ನು ರಿಲೀಸ್ ಬೇರಿಂಗಿನದೆಂದು ಭಾವಿಸಿ ಟ್ರ್ಯಾಕ್ಟರನ್ನು ಬಿಚ್ಚಿದ ಮೇಲೆ, ಹೊಸ ಬೇರಿಂಗ್ ಹಾಕಿದರೂ ಸದ್ದು ಉಳಿಯುವುದು ಸಹಜ.

ಕ್ಲಚ್ ಬಿಡುವಾಗ ಟ್ರ್ಯಾಕ್ಟರ್ ಕುಪ್ಪಳಿಸಿದರೆ ಅಥವಾ ನಡುಗಿದರೆ ತಟ್ಟೆಯ ಮೇಲೆ ಅಲ್ಲಲ್ಲಿ ಎಣ್ಣೆ ಬಿದ್ದಿರಬಹುದು, ಇಲ್ಲವೆ ಫಿಂಗರುಗಳ ಎತ್ತರ ಸಮವಾಗಿರಲಿಕ್ಕಿಲ್ಲ.

ಜೋಡಿ ಕ್ಲಚ್ಚಿನ ವಿಶೇಷ

ಟ್ರ್ಯಾಕ್ಟರ್ ನೇಗಿಲನ್ನು ಚೆನ್ನಾಗಿ ಎಳೆಯುತ್ತದೆ, ಆದರೆ ರಾಶಿಯ ಯಂತ್ರಕ್ಕೆ ಕಟ್ಟಿದಾಗ ಪಿ.ಟಿ.ಓ. ಸೋಲುತ್ತದೆ ಎಂದರೆ ಎರಡನೆಯ ತಟ್ಟೆಯ ಕಡೆಗೆ ನೋಡಬೇಕು. ಹಳೆಯ ಮ್ಯಾಸಿ ಫರ್ಗ್ಯುಸನ್ ಮಾದರಿಗಳಲ್ಲಿ ಹೈಡ್ರಾಲಿಕ್ ಪಂಪನ್ನು ಪಿ.ಟಿ.ಓ. ಶಾಫ್ಟೇ ತಿರುಗಿಸುತ್ತದೆ. ಅಂಥ ಟ್ರ್ಯಾಕ್ಟರಿನಲ್ಲಿ ಎರಡನೆಯ ತಟ್ಟೆ ಜಾರಿದರೆ ಭಾರವಾದ ಉಪಕರಣ ಕಟ್ಟಿದಾಗ ಲಿಫ್ಟೂ ಸೋಲಬಹುದು; ಪಂಪು ಕೆಟ್ಟಿದೆಯೆಂದು ಅದನ್ನು ಬಿಚ್ಚುವ ಮೊದಲು ಪಿ.ಟಿ.ಓ. ಶಾಫ್ಟು ಭಾರದಲ್ಲಿಯೂ ಅದೇ ವೇಗದಿಂದ ತಿರುಗುತ್ತಿದೆಯೇ ಎಂದು ದೂರದಿಂದ ಗಮನಿಸಬೇಕು. ತಿರುಗುವ ಶಾಫ್ಟಿನ ಬಳಿ ಧೋತರ, ಟವೆಲ್, ಸೆರಗು ಸುಳಿಯಬಾರದು.

ಚಾಲಕನ ರೂಢಿಗಳು

ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವುದು ಕ್ಲಚ್ಚನ್ನು ಕೊಲ್ಲುವ ಮೊದಲ ರೂಢಿ. ಸಕ್ಕರೆ ಕಾರ್ಖಾನೆಯ ಮುಂದಿನ ಸರದಿಯಲ್ಲಿ ಬ್ರೇಕ್ ಹಿಡಿಯದೆ ಅರ್ಧ ಕ್ಲಚ್ಚಿನಲ್ಲಿ ಕಬ್ಬಿನ ಟ್ರೇಲರನ್ನು ತಡೆದು ನಿಲ್ಲಿಸುವುದು, ಕೆಸರಿನಲ್ಲಿ ಹೂತಾಗ ಎಂಜಿನ್ನನ್ನು ಜೋರು ಮಾಡಿ ಪೆಡಲನ್ನು ಥಟ್ಟನೆ ಬಿಡುವುದು ಇನ್ನೆರಡು. ಬಾಡಿಗೆಗೆ ಹೋಗುವ ಟ್ರ್ಯಾಕ್ಟರಿನಲ್ಲಿ ಚಾಲಕರು ಬದಲಾಗುತ್ತಿದ್ದರೆ ತಟ್ಟೆಯ ಆಯುಷ್ಯ ಮಾಲೀಕನ ಕೈಯಲ್ಲಿರುವುದಿಲ್ಲ.

ಬಿಚ್ಚುವಾಗ

ಟ್ರ್ಯಾಕ್ಟರನ್ನು ಎರಡು ಭಾಗ ಮಾಡುವುದು ಅನುಭವಿ ಮೆಕ್ಯಾನಿಕರ ಕೆಲಸ. ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ತೂಗುವುದರಿಂದ, ಬೇರ್ಪಟ್ಟ ಎಂಜಿನ್ ಪಕ್ಕಕ್ಕೆ ವಾಲಿ ಬೀಳದಂತೆ ಅಚ್ಚಿನ ಎರಡೂ ಬದಿಗಳಿಗೆ ಮರದ ಬೆಣೆಗಳನ್ನು ಬಿಗಿಯಾಗಿ ಕೂಡಿಸಬೇಕು. ಎರಡೂ ಭಾಗಗಳಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡಬೇಕು. ಜಾಕೊಂದನ್ನೇ ನಂಬಿ ಕೆಳಗೆ ನುಸುಳಬಾರದು.

ಒಮ್ಮೆ ಬಿಚ್ಚಿದ ಮೇಲೆ ತಟ್ಟೆಯೊಂದನ್ನೇ ಬದಲಿಸಿ ಮುಚ್ಚುವುದು ಉಳಿತಾಯವಲ್ಲ. ಎರಡೂ ಸೀಲು, ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಇವುಗಳ ಬೆಲೆ ಬಿಚ್ಚುವ ಕೂಲಿಯ ಮುಂದೆ ಹೆಚ್ಚಿನದಲ್ಲ. ಫ್ಲೈವೀಲಿನ ಮುಖ ಗೀರಿದ್ದರೆ ಲೇತಿನಲ್ಲಿ ಮಟ್ಟ ಮಾಡಿಸಬೇಕು. ಆಳವಾದ ಬಿರುಕಿದ್ದರೆ ಬದಲಿಸಬೇಕು. ಗ್ರೀಸ್ ತುಂಬಿ ಮುಚ್ಚಿದ ರಿಲೀಸ್ ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದರೆ ಒಳಗಿನ ಗ್ರೀಸ್ ಕರಗಿ ಅದು ಬೇಗ ಹಾಳಾಗುತ್ತದೆ. ಹೊಸ ತಟ್ಟೆಯನ್ನು ಹಳೆಯ ಶಾಫ್ಟಿನಂಥ ಮಾರ್ಗದರ್ಶಿಯಿಂದ ನಡುವಿಗೆ ಸರಿಯಾಗಿ ಕೂಡಿಸದಿದ್ದರೆ ಎರಡು ಭಾಗಗಳು ಮತ್ತೆ ಸೇರುವುದೇ ಇಲ್ಲ. ಬೋಲ್ಟ್ ಬಿಗಿದು ಬಲವಂತದಿಂದ ಎಳೆದರೆ ತಟ್ಟೆಯ ನಡುಭಾಗ ಬಾಗುತ್ತದೆ.

ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆಯುಂಟು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹಲವು ವರ್ಷಗಳ ನಂತರ ಕ್ಯಾನ್ಸರ್ ಸೇರಿದಂತೆ ಗಂಭೀರ ರೋಗಗಳು ಬರುತ್ತವೆ. ಹೌಸಿಂಗಿನ ಧೂಳನ್ನು ಗಾಳಿಯ ಪೈಪಿನಿಂದ ಊದುವುದು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿದ್ದರೂ ಅದನ್ನು ಮಾಡಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಪಕ್ಕದಲ್ಲಿ ಪಾನಾ ಕೊಡಲು ನಿಂತ ಹುಡುಗರನ್ನು ಆ ಹೊತ್ತಿನಲ್ಲಿ ದೂರ ಕಳಿಸುವುದು ಒಳ್ಳೆಯದು.

ತರಬೇತಿ ಮತ್ತು ಬದಲಿ ವ್ಯವಸ್ಥೆ

ಕೈಗಾರಿಕಾ ತರಬೇತಿ ಸಂಸ್ಥೆಗಳ ವೃತ್ತಿಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಂದು. ಕೃಷಿ ಯಂತ್ರಗಳ ಬಳಕೆ ಮತ್ತು ದುರಸ್ತಿಯ ತರಬೇತಿಗೆ ದಕ್ಷಿಣ ಭಾರತದಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಹಾವೇರಿ ಜಿಲ್ಲೆಯೊಳಗೆ, ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಟ್ರ್ಯಾಕ್ಟರು ಗ್ಯಾರೇಜಿನಲ್ಲಿರುವಾಗ ಹದ ತಪ್ಪದಂತೆ ನೋಡಿಕೊಳ್ಳಲು, ರಾಜ್ಯ ಸರ್ಕಾರದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರಗಳಿಂದ ಟ್ರ್ಯಾಕ್ಟರ್ ಮತ್ತು ಉಪಕರಣಗಳನ್ನು ಪಡೆಯಬಹುದು. ಬಿತ್ತನೆಯ ವೇಳೆಗೆ ಅಲ್ಲಿ ಬೇಡಿಕೆ ಹೆಚ್ಚುವುದರಿಂದ ಮುಂಚಿತವಾಗಿ ಹೆಸರು ಹೇಳಿಟ್ಟಿರಬೇಕು.